ಹುಳುಮನೆಯ ಸೂರಿಗೆ ಕಟ್ಟಿದ ಮೇಣ

ನಮ್ಮ ಮನೆಯಲ್ಲಿ ಒಂದು ಕಥೆ ಓಡಾಡುತ್ತಿದೆ. ಅಜ್ಜಿ ಕಿಟಕಿ ಮುಚ್ಚಿ ಒಂದು ಬೆಳೆ ರೇಷ್ಮೆ ಹುಳು ಕೊಂದಳು ಅನ್ನುವ ಕಥೆ. ನಿಮ್ಮ ಅಪ್ಪ ಅದನ್ನು ಮದುವೆ ಮನೆಗಳಲ್ಲಿ ಹೇಳುತ್ತಾನೆ, ಪಂಕ್ತಿಗೆ ಕೂತವರೆಲ್ಲ ನಗುತ್ತಾರೆ. ನನ್ನ ಮೊಮ್ಮಕ್ಕಳು ನೀವಿಬ್ಬರೂ ನಕ್ಕಿದ್ದೀರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ, ನಿಮಗೆ ಹೇಳಿದ್ದು ಅಷ್ಟೇ. ಆದರೆ ನಾನು ಹೋದ ಮೇಲೂ ಅದೇ ಕಥೆ ಉಳಿಯುತ್ತದೆ, ನಿಮ್ಮ ಮಕ್ಕಳಿಗೂ ನೀವು ಅದನ್ನೇ ಹೇಳುತ್ತೀರಿ ಎಂದು ನೆನೆಸಿಕೊಂಡರೆ ತಡೆಯಲಾಗುವುದಿಲ್ಲ. ಬಾಯಿಬಿಟ್ಟು ಹೇಳಲು ಹೋದರೆ ನನಗೆ ಮಾತು ತಡವರಿಸುತ್ತದೆ. ಅರ್ಧಕ್ಕೇ ಯಾರಾದರೂ ಬೇರೆ ಮಾತು ತೆಗೆದುಬಿಡುತ್ತಾರೆ. ಬರೆಯುವಾಗ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಉಪಯೋಗಕ್ಕೆ ಬರಲಿ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹುಳುವಿಗೆಂದು ಬೇರೆ ಮನೆ ಇರಲಿಲ್ಲ. ಹೆಂಚಿನ ಮನೆಯ ನಡುಮನೆಯಲ್ಲಿ ಬಿದಿರು ತಟ್ಟೆ ಜೋಡಿಸಿ ಹುಳು ಸಾಕುತ್ತಿದ್ದೆವು. ನಾವು ಅಡುಗೆಮನೆಯಲ್ಲಿ ಮಲಗುತ್ತಿದ್ದೆವು. ಆಗ ನನ್ನ ಅತ್ತೆ ಹೇಳಿಕೊಟ್ಟ ಮೊದಲ ಪಾಠ, ಹುಳುವಿಗೆ ರಾತ್ರಿ ಗಾಳಿ ಸೋಕಬಾರದು. ಕೊನೆಯ ಸೊಪ್ಪು ಕೊಟ್ಟು, ಕಿಟಕಿ ಮುಚ್ಚಿ, ಚಳಿ ಹೆಚ್ಚಿದ್ದರೆ ಕೆಂಡದ ಬಾಂಡಲಿ ಇಟ್ಟು ಬರಬೇಕು. ಹುಳು ಮೇವು ಬಿಟ್ಟು ತಲೆಯೆತ್ತಿಕೊಂಡು ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರದ ದಿನಗಳಲ್ಲಂತೂ ಅತ್ತೆ ನಮಗೆ ಒಳಗೆ ಕೆಮ್ಮಲೂ ಬಿಡುತ್ತಿರಲಿಲ್ಲ. ನಿಮ್ಮ ತಾತ ತೀರಿಕೊಂಡ ವರ್ಷವೂ ನಾನು ಬೆಳೆ ನಿಲ್ಲಿಸಲಿಲ್ಲ. ಹನ್ನೊಂದರ ಕಾರ್ಯ ಮುಗಿದ ಮಾರನೇ ದಿನ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಟ್ಟವಳು ನಾನು.

ಆಮೇಲೆ ನಿಮ್ಮ ಅಪ್ಪ ತೋಟದ ಬದಿಯಲ್ಲಿ ಸಿಮೆಂಟ್ ಶೀಟಿನ ಹುಳುಮನೆ ಕಟ್ಟಿಸಿದ. ಉದ್ದ, ಅಗಲ, ಸಾಲು ಸಾಲು ಕಬ್ಬಿಣದ ಸ್ಟ್ಯಾಂಡು, ನೊಣ ಬಾರದಂತೆ ಕಿಟಕಿಗಳಿಗೆ ಜಾಲರಿ, ಎಲ್ಲ ಚೆನ್ನಾಗಿತ್ತು. ಬಿಸಿಲೊಂದು ಚೆನ್ನಾಗಿರಲಿಲ್ಲ. ಶಿವರಾತ್ರಿ ಕಳೆದರೆ ಸಾಕು, ಮಧ್ಯಾಹ್ನ ಶೀಟಿನ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿದೆವು, ಕಿಟಕಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸಿದೆವು. ಚಿಮುಕಿಸಿದ್ದು ನಾನು. ಬೇಸಿಗೆಯ ಬೆಳೆ ಬಂದರೆ ಪುಣ್ಯ ಅನ್ನುವ ಹಾಗಾಗಿತ್ತು. ಹಗಲು ಎಷ್ಟೇ ಉರಿದರೂ ಬೆಳಗಿನ ಜಾವಕ್ಕೆ ಶೀಟು ತಣ್ಣಗಾಗಿ, ನಾನು ಬಾಗಿಲು ತೆಗೆಯುವ ಹೊತ್ತಿಗೆ ಒಳಗೆಲ್ಲ ತಂಪಾಗಿರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಒಂದು ಕಂಪನಿಯವರು ಬಂದರು. ಇಬ್ಬರು ಗಂಡು ಹುಡುಗರು, ಅವರಿಗೆ ಮೇಲಿನವಳಾಗಿ ಒಬ್ಬ ಹುಡುಗಿ. ಶೀಟಿನ ಕೆಳಗೆ ಕಟ್ಟುವ ಏನೋ ಹೊಸ ಸಾಮಾನನ್ನು ಹುಳುಮನೆಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು. ನಿಮ್ಮ ಅಪ್ಪನೂ ಅಕ್ಕಪಕ್ಕದ ಮೂರ್ನಾಲ್ಕು ಜನ ಗಂಡಸರೂ ಜಗುಲಿಯ ಮೇಲೆ ಕೂತಿದ್ದರು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಹೊಸಬರ ಮುಂದೆ ಹೋಗಲು ನನಗೆ ಕಾಲು ಬರುವುದಿಲ್ಲ. ನಿಮ್ಮ ಅಮ್ಮ ಬಂದು ತಟ್ಟೆ ತೆಗೆದುಕೊಳ್ಳಲಿ ಎಂದು ಕಾಯುತ್ತಿದ್ದೆ. ಹಾಗಾಗಿ ಆ ಹುಡುಗಿಯ ಮಾತು ಕಿವಿಗೆ ಬಿತ್ತು.

"ತುಪ್ಪ ನೋಡಿದೀರಲ್ಲ ಸರ್? ಬೆಳಿಗ್ಗೆ ಗಟ್ಟಿ ಇರುತ್ತೆ, ಮಧ್ಯಾಹ್ನ ಕರಗುತ್ತೆ. ಈ ಚೀಲದೊಳಗಿನ ಮೇಣಾನೂ ಹಂಗೇನೆ. ಕರಗೋಕೆ ಅದಕ್ಕೆ ಶಾಖ ಬೇಕಲ್ಲ, ಅದನ್ನ ಶೀಟಿಂದ ಎಳ್ಕೊಳ್ಳುತ್ತೆ. ಪೂರ್ತಿ ಕರಗೋವರ್ಗೂ ಕೆಳಗಡೆಗೆ ಬಿಸಿ ಬಿಡಲ್ಲ."

ಪಕ್ಕದ ಮನೆಯವನು ಸುಮ್ಮನಿರಲಿಲ್ಲ. "ಹಂಗಾದ್ರೆ ಮೇಲಿಂದ ಸೋರಿದ್ರೆ ಒಬ್ಬಟ್ಟು ಹಿಡ್ಕೊಂಡು ಕೆಳಗೆ ನಿಂತ್ಕೊಬೇಕು ಕಣಪ್ಪಾ!"

ಎಲ್ಲರೂ ನಕ್ಕರು. ನಾನೂ ಬಾಗಿಲ ಹಿಂದೆ ನಕ್ಕೆ. ಆ ಹುಡುಗಿಯೂ ನಕ್ಕು, ಆಮೇಲೆ ಕೇಳಿದಳು, "ಹುಳು ನೋಡ್ಕೊಳ್ಳೋರು ಯಾರು ಸರ್? ಅವರ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ನಾವೇ ಮೇಡಂ," ಎಂದ ನಿಮ್ಮ ಅಪ್ಪ.

ಹುಳುವಿಗೆ ಸೊಪ್ಪು ಹಾಕಿ, ಹಿಕ್ಕೆ ತೆಗೆದು, ಸುಣ್ಣ ಎರಚಿ, ದಿನಕ್ಕೆ ಎಷ್ಟು ಸಲ ಆ ಕಿಟಕಿಗಳನ್ನು ತೆಗೆದು ಮುಚ್ಚುವವಳು ಒಂದು ಬಾಗಿಲ ಹಲಗೆಯಷ್ಟು ದೂರದಲ್ಲಿ ನಿಂತಿದ್ದಳು. "ನಮ್ಮಮ್ಮ ಮೇಡಂ, ಕರೀತೀನಿ" ಅನ್ನಲು ಅವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ನನ್ನ ಮೇಲೂ ನನಗೆ ಸಿಟ್ಟಿದೆ. ಒಂದು ಹೆಜ್ಜೆ ಹೊರಗಿಟ್ಟು "ನಾನಮ್ಮ" ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಿಮ್ಮ ಅಮ್ಮ ಬಂದು ತಟ್ಟೆ ತೆಗೆದುಕೊಂಡಳು. ಒಲೆಯ ಮೇಲೆ ಹಾಲು ಇತ್ತು, ನಾನು ಒಳಗೆ ಹೋದೆ. ಮುಂದಿನ ಮಾತು ನನಗೆ ಕೇಳಿಸಲಿಲ್ಲ. ಮೇಣ ಶಾಖ ಎಳೆದುಕೊಳ್ಳುತ್ತದೆ ಅನ್ನುವವರೆಗೆ ಕೇಳಿದ್ದೆ. ಎಳೆದುಕೊಂಡದ್ದನ್ನು ಅದು ರಾತ್ರಿ ವಾಪಸು ಬಿಡುತ್ತದೆ, ಬಿಟ್ಟ ಬಿಸಿ ಹೊರಗೆ ಹೋಗುವುದಕ್ಕೆ ಕಿಟಕಿ ತೆರೆದಿರಬೇಕು, ಆಗಲೇ ಮೇಣ ಮತ್ತೆ ಗಟ್ಟಿಯಾಗಿ ಮಾರನೇ ದಿನದ ಬಿಸಿಲಿಗೆ ತಯಾರಾಗುವುದು ಎಂದು ಅವಳು ಜಗುಲಿಯ ಮೇಲೆ ಗಂಡಸರಿಗೆ ಹೇಳುವಾಗ, ನಾನು ಅವರಿಗೇ ಎರಡನೇ ಸಲ ಕಾಫಿ ಕಾಯಿಸುತ್ತಿದ್ದೆ.

ಎರಡು ದಿನ ಕೆಲಸ ನಡೆಯಿತು. ಶೀಟಿನ ಕೆಳಗೆ ಕಬ್ಬಿಣದ ಜಾಲರಿ ಕಟ್ಟಿ, ಅದರ ಮೇಲೆ ಮೊರದಷ್ಟು ಅಗಲದ ಚಪ್ಪಟೆ ಚೀಲಗಳನ್ನು ಒತ್ತೊತ್ತಾಗಿ ಹಾಸಿದರು. ಬೆಳಿಗ್ಗೆ ಹೊತ್ತು ಅವು ಬೆಳ್ಳಗೆ, ಗಟ್ಟಿಯಾಗಿ ಇದ್ದವು. ಮೊದಲ ಬೆಳೆ ಚೆನ್ನಾಗಿ ಬಂತು. ಆಗಿನ್ನೂ ರಾತ್ರಿಗಳು ತಣ್ಣಗಿದ್ದವು. ಕಿಟಕಿ ಮುಚ್ಚಿದ್ದರೂ ಶೀಟೇ ತಣ್ಣಗಾಗಿ ಮೇಣ ಗಟ್ಟಿಯಾಗುತ್ತಿತ್ತು. ಮಧ್ಯಾಹ್ನ ಒಳಗೆ ಹೋದರೆ ಹೊರಗಿನ ಬಿಸಿಲು ಮರೆತುಹೋಗುತ್ತಿತ್ತು. ನಿಜ ಹೇಳಬೇಕು, ಸಾಮಾನು ಒಳ್ಳೆಯದು. ನನ್ನ ಜಗಳ ಅದರ ಜೊತೆಯಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ನೋಡಿದವರು ಎತ್ತಿ ಎತ್ತಿ ನೋಡಿದರಂತೆ. ಚಿಕ್ಕಬಳ್ಳಾಪುರದಲ್ಲಿ ರೈತರ ಸಭೆ ಮಾಡಿ ಶಾಲು ಹೊದಿಸಿದರು. ಆ ಫೋಟೊ ನಡುಮನೆಯ ಗೋಡೆಯ ಮೇಲಿದೆ. ಫೋಟೊದಲ್ಲಿ ನಿಮ್ಮ ಅಪ್ಪ ಇದ್ದಾನೆ.

ಯುಗಾದಿ ಕಳೆದು ಮುಂದಿನ ಬೆಳೆ. ಮೊದಲೆರಡು ಜ್ವರ ಕಳೆಯುವವರೆಗೆ ಮರಿ ಸಾಕಿ ಕೊಡುವ ಚಾಕಿ ಸೆಂಟರಿನಿಂದ ಮರಿ ಹುಳು ತಂದು ಬಿಟ್ಟೆವು. ಮೂರನೇ ಜ್ವರ ಚೆನ್ನಾಗಿ ಬಿಟ್ಟಿತು, ನಾಲ್ಕನೇ ಜ್ವರವೂ ಬಿಟ್ಟಿತು. ಅಲ್ಲಿಂದ ಹುಳು ಹಗಲು ರಾತ್ರಿ ತಿನ್ನುವ ಕಾಲ. ಒಳಗೆ ನಿಂತರೆ ಸೊಪ್ಪು ಕಡಿಯುವ ಸದ್ದು ತುಂತುರು ಮಳೆಯ ಹಾಗೆ ಕೇಳಿಸುತ್ತದೆ. ಆಗಲೇ ಬಿಸಿಲು ಕಾಯತೊಡಗಿತು.

ಒಂದು ದಿನ ಬೆಳಗಿನ ಜಾವ ಬಾಗಿಲು ತೆಗೆದೆ. ಮುಖಕ್ಕೆ ಬಿಸಿ ಹೊಡೆಯಿತು. ಹೊರಗೆ ಅಂಗಳದಲ್ಲಿ ತಂಪು, ಒಳಗೆ ಕಾವಲಿ ಇಳಿಸಿದ ಒಲೆಯ ಹಾಗೆ. ಬರೀ ಶೀಟಿದ್ದಾಗಲೂ ಹೀಗೆ ಆದದ್ದಿಲ್ಲ. ಸ್ಟ್ಯಾಂಡಿನ ಕಂಬ ಹಿಡಿದು ಮೇಲೆ ಹತ್ತಿ ಒಂದು ಚೀಲ ಒತ್ತಿ ನೋಡಿದೆ. ಹಾಲಿನ ಪ್ಯಾಕೆಟ್ಟಿನ ಹಾಗೆ ಕುಲುಕಾಡಿತು. ಬೆಳಿಗ್ಗೆ ತುಪ್ಪ ಗಟ್ಟಿ ಇರಬೇಕು ಎಂದು ಆ ಹುಡುಗಿ ಹೇಳಿದ್ದು ನನಗೆ ನೆನಪಿತ್ತು. ಇಳಿದು ಬಂದು ನಿಮ್ಮ ಅಮ್ಮನಿಗೆ ಹೇಳಿದೆ, "ಮೇಲಿನ ಚೀಲಗಳೇ ಬಿಸಿ ಬಿಡ್ತಾ ಅವೆ ಕಣಮ್ಮಾ. ಗಟ್ಟೀನೇ ಆಗಿಲ್ಲ. ಅವನಿಗೆ ಹೇಳು."

ನಿಮ್ಮ ಅಪ್ಪ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ನಿಮ್ಮ ಅಮ್ಮ ಹೋಗಿ ಹೇಳಿದಳು, "ಏನ್ರೀ, ಹುಳುಮನೇಲಿ ಬೆಳಿಗ್ಗೇನೇ ಬಿಸಿ ಅಂತೆ. ಮೇಲಿನ ಚೀಲ ಬಿಸಿ ಬಿಡ್ತಾ ಇದೆ ಅಂತಾರೆ ಅತ್ತೆ."

"ಅದು ತಂಪು ಮಾಡೋ ಸಾಮಾನು ಕಣೇ, ಬಿಸಿ ಹೆಂಗೆ ಬಿಡುತ್ತೆ? ಅಮ್ಮಂಗೆ ಬಿಪಿ ಮಾತ್ರೆ ಕೊಟ್ಯಾ ಇಲ್ವಾ?"

ಅವನು ಮೆಲ್ಲಗೆ ಹೇಳಲಿಲ್ಲ. ನನಗೆ ಕೇಳಲಿ ಎಂದೇ ಹೇಳಿದ. ಬಿಪಿ ಅನ್ನುವ ಪದ ಈ ಊರಿಗೆ ಬರುವುದಕ್ಕೆ ಮೊದಲಿನಿಂದ ನಾನು ಹುಳು ಸಾಕುತ್ತಿದ್ದೇನೆ. ಬರೀ ಕೈಯಿಟ್ಟು ಹುಳುವಿನ ಮೈ ಬಿಸಿ ಹೇಳಬಲ್ಲೆ. ಅವನ ಫೋನಿನಲ್ಲಿ ಆ ಕಂಪನಿಯವರ ನಂಬರು ಇತ್ತು, ಒಂದು ಸಲ ಒತ್ತಿದ್ದರೆ ಸಾಕಿತ್ತು.

ಅವತ್ತು ಸಂಜೆ ಕೊನೆಯ ಸೊಪ್ಪು ಹಾಕಿ ಕಿಟಕಿ ಮುಚ್ಚಲು ಹೋದಾಗ ಕೈ ಚಿಲಕದ ಮೇಲೆ ನಿಂತಿತು. ತೆರೆದೇ ಬಿಟ್ಟರೆ ಹೇಗೆ ಎಂದು ನನಗೂ ಅನ್ನಿಸಿತು. ಆದರೆ ಹುಳು ಜ್ವರ ಬಿಟ್ಟು ಇನ್ನೂ ಎಳಸಾಗಿದೆ, ರಾತ್ರಿ ಗಾಳಿ ಸೋಕಿದರೆ ಗತಿಯೇನು ಎಂದು ಅತ್ತೆಯ ಮಾತು ನೆನೆದು ಮುಚ್ಚಿದೆ. ಮುಚ್ಚಿದ್ದು ನಾನೇ, ಅದನ್ನು ಎಂದೂ ಇಲ್ಲ ಎಂದಿಲ್ಲ.

ಮೂರನೇ ದಿನ ಸೊಪ್ಪು ಕಡಿಯುವ ಸದ್ದು ಕಮ್ಮಿಯಾಯಿತು. ನಾಲ್ಕನೇ ದಿನ ಹುಳುಗಳು ಬಾಯಲ್ಲಿ ನೀರು ಬಿಟ್ಟುಕೊಂಡು ಸ್ಟ್ಯಾಂಡಿನ ಅಂಚಿಗೆ ಬಂದು ಜೋತುಬಿದ್ದವು. ಮೈ ಮೆತ್ತಗೆ, ಮುಟ್ಟಿದರೆ ಒಡೆಯುವ ಹಾಗೆ. ಬಿಸಿಗೆ ತಗಲುವ ಸಪ್ಪೆ ರೋಗ. ಇನ್ನೆರಡು ದಿನ ತಡೆದಿದ್ದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಆ ವಾಸನೆ ನಿಮಗೆ ಗೊತ್ತಿಲ್ಲ, ನಿಮ್ಮನ್ನು ಅವತ್ತು ನಿಮ್ಮ ಅಮ್ಮನ ತವರಿಗೆ ಕಳಿಸಿದ್ದರು. ನಾನೂ ನಿಮ್ಮ ಅಮ್ಮನೂ ಪುಟ್ಟಿಗಳಲ್ಲಿ ತುಂಬಿ ತುಂಬಿ ಹೊತ್ತು ಗುಂಡಿಗೆ ಸುರಿದು ಮೇಲೆ ಸುಣ್ಣ ಹಾಕಿದೆವು. ನಿಮ್ಮ ಅಪ್ಪ ಅವತ್ತು ಫೋನಿನಲ್ಲಿದ್ದ.

ಮಾರನೇ ದಿನವೇ ಆ ಹುಡುಗಿ ಬಂದಳು. ಹುಳುಮನೆಯೊಳಗೆ ಹೋಗಿ, ಮೇಲೆ ಕೈಯಾಡಿಸಿ, ಹೊರಗೆ ಬಂದು ಕೇಳಿದಳು, "ಸರ್, ರಾತ್ರಿ ಕಿಟಕಿ ತೆಗೀತಿದ್ರಾ?"

ನಿಮ್ಮ ಅಪ್ಪ ನನ್ನ ಕಡೆ ತಿರುಗಿದ. ನಾನು ಖಾಲಿ ಪುಟ್ಟಿ ಹಿಡಿದು ನಿಂತಿದ್ದೆ. "ಅಮ್ಮ, ರಾತ್ರಿ ಹೊತ್ತು ಕಿಟಕಿ ಮುಚ್ತಿದ್ಯಾ?"

"ಮುಚ್ತಿದ್ದೆ."

"ನೋಡಿ ಮೇಡಂ," ಎಂದ.

ಅಷ್ಟೇ ಮಾತು. ಅದರಲ್ಲಿ ಎಲ್ಲ ಮುಗಿದುಹೋಯಿತು. ಜನವರಿಯಲ್ಲಿ ಹುಳು ನೋಡಿಕೊಳ್ಳುವವನು ಅವನಾಗಿದ್ದ. ಹುಳು ಸತ್ತ ದಿನ ನಾನಾದೆ.

ಆ ಹುಡುಗಿ ಮಾತ್ರ ಅಲ್ಲಿಗೆ ಬಿಡಲಿಲ್ಲ. ನನ್ನ ಹತ್ತಿರ ಬಂದು, "ಅಮ್ಮಾ, ಕಿಟಕಿ ತೆಗೀಬೇಕು ಅಂತ ನಿಮಗೆ ಯಾರೂ ಹೇಳಿರ್ಲಿಲ್ವಾ?" ಎಂದು ಕೇಳಿದಳು.

ನಿಮ್ಮ ಅಪ್ಪನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಪಕ್ಕದ ಮನೆಯವನು ಬೇಲಿಯ ಹತ್ತಿರ ಬಂದು ನಿಂತಿದ್ದ. ಹೊರಗಿನವರ ಮುಂದೆ ಮಗನ ಮಾನ ಹೋಗುತ್ತದೆ ಅನ್ನಿಸಿತು. "ಹೇಳಿದ್ರು ಅನ್ಸುತ್ತೆ ಕಣಮ್ಮಾ. ನಂಗೇ ನೆನಪಿಲ್ಲ," ಎಂದೆ.

ಮಕ್ಕಳೇ, ನಾನು ಹೇಳಿದ ಸುಳ್ಳು ಅದು. ಯಾರೂ ಹೇಳಿರಲಿಲ್ಲ. ಆ ಹುಡುಗಿ ನಂಬಿದಳೋ ಇಲ್ಲವೋ ತಿಳಿಯದು. ಆ ಒಂದು ಸುಳ್ಳಿನ ಮೇಲೆ ನಿಮ್ಮ ಅಪ್ಪ ತನ್ನ ಕಥೆ ಕಟ್ಟಿದ. ಅವನ ತಪ್ಪನ್ನು ನಾನು ಮುಚ್ಚಿಟ್ಟದ್ದು ಅವನಿಗೆ ಗೊತ್ತಾಗುತ್ತದೆ, ರಾತ್ರಿ ಊಟಕ್ಕೆ ಕೂತಾಗಲಾದರೂ "ತಪ್ಪಾಯ್ತಮ್ಮಾ" ಅನ್ನುತ್ತಾನೆ ಎಂದುಕೊಂಡಿದ್ದೆ. ಸಾರು ಸಪ್ಪೆ ಎಂದ, ಉಪ್ಪು ಕೇಳಿದ.

ಹದಿನೈದು ದಿನ ಕಳೆದು, ರೇಷನ್ ಕೆಲಸಕ್ಕೆ ನನ್ನ ಆಧಾರ್ ಕಾರ್ಡು ಬೇಕಾಗಿ ಬೀರು ತೆಗೆದೆ. ಕಾರ್ಡುಗಳ ಮಧ್ಯೆ ಪ್ಲಾಸ್ಟಿಕ್ ಕವರಿನಲ್ಲಿ ಆ ಕಂಪನಿಯವರ ಒಂದು ಹಾಳೆ ಇತ್ತು. ಮೇಲೆಲ್ಲ ಇಂಗ್ಲಿಷು. ಕೆಳಗೆ ಎರಡು ಚಿತ್ರ. ಒಂದರಲ್ಲಿ ಸೂರ್ಯ, ಮನೆ, ಮುಚ್ಚಿದ ಕಿಟಕಿ. ಇನ್ನೊಂದರಲ್ಲಿ ಚಂದ್ರ, ಅದೇ ಮನೆ, ತೆರೆದ ಕಿಟಕಿ. ಅಂಗನವಾಡಿ ಮಗುವಿಗೂ ತಿಳಿಯುವ ಚಿತ್ರ. ಹುಳುಮನೆಯ ಬಾಗಿಲಿಗೆ ಅಂಟಿಸಲು ಹಿಂದೆ ಗೋಂದಿನ ಪಟ್ಟಿಯೂ ಇತ್ತು. ಅದನ್ನು ಒಂದು ಸಲವೂ ಬಿಡಿಸಿರಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ನಿಮ್ಮ ತಾತ ಸತ್ತಾಗ ನನಗೆ ಅಳು ಬಂತು. ಅವತ್ತು ಬರಲಿಲ್ಲ. ಅವತ್ತು ಬಂದದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ, ಹಲ್ಲು ಕಚ್ಚಿ ಕಚ್ಚಿ ದವಡೆ ನೋಯಿತು.

ಮುಂದಿನ ಬೆಳೆಯಿಂದ ಕಿಟಕಿ ನಾನೇ ನೋಡಿಕೊಂಡೆ, ಯಾರನ್ನೂ ಕೇಳಲಿಲ್ಲ. ಬೇಸಿಗೆಯಲ್ಲಿ ಕತ್ತಲಾದ ತಕ್ಷಣ ತೆರೆದರೆ ಉಪಯೋಗವಿಲ್ಲ. ಹೊರಗಿನ ಗಾಳಿಯೇ ಇನ್ನೂ ಬಿಸಿ ಇರುತ್ತದೆ. ಅಂಗಳದ ಕಲ್ಲು ಕಾಲಿಗೆ ತಣ್ಣಗೆ ತಾಗಿದ ಮೇಲೆ ತೆರೆಯಬೇಕು, ಬಿಸಿಲು ಗೋಡೆ ಮುಟ್ಟುವ ಮೊದಲೇ ಮುಚ್ಚಬೇಕು. ಮಳೆ ಹಿಡಿದಿದ್ದರೆ ಗಾಳಿ ಬರುವ ಕಡೆಯ ಕಿಟಕಿ ಬೇಡ. ಚೀಲ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಮೇಲೆ ಹತ್ತಬೇಕಾಗಿಲ್ಲ, ಉದ್ದನೆ ಕಡ್ಡಿಯಲ್ಲಿ ಬಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಜ್ವರದಲ್ಲಿರುವ ಹುಳುವಿಗೆ ಗಾಳಿ ನೇರ ಹೊಡೆಯದ ಹಾಗೆ ಕೆಳಗಿನ ಸಾಲಿಗೆ ಮಾತ್ರ ಗೋಣಿತಾಟು ಕಟ್ಟುತ್ತೇನೆ. ಇದು ಆ ಹಾಳೆಯಲ್ಲಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಒಂದು ಬೇಸಿಗೆಯ ಬೆಳೆಯೂ ಕೆಟ್ಟಿಲ್ಲ. ಇದನ್ನು ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲ.

ಹೇಳುವುದು ಆ ಕಥೆಯನ್ನೇ. ಮೊದಲು ನಮ್ಮೂರಿನಲ್ಲಿ, ಆಮೇಲೆ ಮೇಲೂರಿನಲ್ಲಿ, ಆಮೇಲೆ ಚಿಂತಾಮಣಿಯ ನೆಂಟರ ಮನೆಯಲ್ಲಿ. ಸೊಪ್ಪು ಬಿಡಿಸುವ ಹೆಂಗಸೊಬ್ಬಳು ತೋಟದ ಆ ಕಡೆಯಿಂದ ತೆಲುಗಿನಲ್ಲಿ ಕೂಗಿದಳು, "ಏಮಕ್ಕಾ, ಕಿಟಿಕೀಲು ಮೂಸಿ ಪುರುಗುಲ್ನಿ ಸಂಪಿನಾವಂಟ ಕದಾ!" ಕಿಟಕಿ ಮುಚ್ಚಿ ಹುಳು ಕೊಂದೆಯಂತಲ್ಲ ಎಂದು. ನಾನು ಸೊಪ್ಪಿನ ಹೊರೆ ತಲೆಗೇರಿಸಿಕೊಂಡು ಬಂದುಬಿಟ್ಟೆ. ನಲವತ್ತು ವರ್ಷ ಹುಳು ಸಾಕಿದವಳಿಗೆ ಸಿಕ್ಕ ಬಿರುದು ಅದು.

ಹೋದ ತಿಂಗಳು ಗೌರಿಬಿದನೂರಿನಲ್ಲಿ ನಿಶ್ಚಿತಾರ್ಥದ ಊಟ. ನೀವೂ ಇದ್ದಿರಿ. ನಿಮ್ಮ ಅಪ್ಪ ಎದುರು ಸಾಲಿನಲ್ಲಿ ಕೂತು ಶುರು ಮಾಡಿದ. ಈ ಸಲ ಹೊಸದೊಂದು ಸೇರಿಸಿದ. "ಹುಳುಗೆ ಶೀತ ಆಗುತ್ತೆ ಅಂತ ನಮ್ಮಮ್ಮ ಕಂಬಳಿ ಹೊದಿಸ್ಬಿಟ್ಟಿದ್ಲು ಕಣ್ರೋ!"

ಎಲ್ಲರೂ ಎಲೆಯ ಮೇಲೆ ಬಾಗಿ ಬಾಗಿ ನಕ್ಕರು. ನಾನು ಎತ್ತಿದ ತುತ್ತನ್ನು ಎಲೆಗೆ ಹಾಕಿದೆ.

"ಸುಳ್ಳು," ಎಂದೆ.

ಮೆಲ್ಲಗೆ ಅಂದೆ ಎಂದುಕೊಂಡಿದ್ದೆ, ಜೋರಾಗಿ ಬಂದಿರಬೇಕು. ಸಾರಿನ ಬಕೆಟ್ಟು ಹಿಡಿದವನು ನಿಂತುಬಿಟ್ಟ. ಅಂದದ್ದಾಯಿತಲ್ಲ ಎಂದು ಇನ್ನೊಂದು ಮಾತೂ ಅಂದೆ, "ಕಿಟಕಿ ತೆಗೀಬೇಕು ಅಂತ ನಂಗೆ ಯಾರೂ ಹೇಳ್ಲಿಲ್ಲ. ನೀನು ಹೇಳ್ಲಿಲ್ಲ."

"ಬಿಡಮ್ಮಾ, ತಮಾಷೆಗೆ ಅಂದಿದ್ದು," ಎಂದರು ಯಾರೋ. ಪಂಕ್ತಿ ಮತ್ತೆ ಸಾಗಿತು. ಯಾರೂ ನನ್ನ ಕಡೆ ನೋಡಲಿಲ್ಲ. ಮೊಸರನ್ನ ಬೇಡವೆಂದೆ.

ವಾಪಸು ಬರುವಾಗ ನಿಮ್ಮ ಅಪ್ಪನೇ ಕಾರು ಓಡಿಸುತ್ತಿದ್ದ. ಚಿಕ್ಕಬಳ್ಳಾಪುರದ ಸಿಗ್ನಲ್ಲಿಗೆ ನಿಂತಾಗ ಹಿಂದಕ್ಕೆ ತಿರುಗದೆ ಕೇಳಿದ, "ಅಷ್ಟು ಜನದ ಮುಂದೆ ಹಂಗನ್ನೋದಾ ಅಮ್ಮ?"

"ಅಷ್ಟು ಜನದ ಮುಂದೆ ಮೊದಲು ಅಂದಿದ್ದು ಯಾರು?"

"ಅವತ್ತು ಮೇಡಂ ಮುಂದೆ ನೆನಪಿಲ್ಲ ಅಂದಿದ್ದು ನೀನೇ ತಾನೇ? ನಾನೇನು ಹೇಳ್ಕೊಟ್ಟಿದ್ನಾ?"

"ನಿನ್ನ ಮಾನ ಉಳೀಲಿ ಅಂತ ಅಂದೆ. ನಿಂಗೆ ಅದು ಅವತ್ತೇ ಗೊತ್ತಿತ್ತು ಕಣೋ."

ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರನ್ ಹೊಡೆದರು. ಅವನು ಗಾಡಿ ಎತ್ತಲಿಲ್ಲ. ನಿಮ್ಮ ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿತ್ತು," ಎಂದ. ಆಮೇಲೆ ಗಾಡಿ ಎತ್ತಿದ.

ನೀವಿಬ್ಬರೂ ನನ್ನ ಎರಡು ಪಕ್ಕದಲ್ಲೇ ಕೂತಿದ್ದಿರಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಅವನು ಸುಳ್ಳು ಹೇಳುವಾಗ ನೂರು ಜನ ಕೇಳಿದರು. ನಿಜ ಹೇಳಿದಾಗ ಕೇಳಿದವರು ನಾನು ಮತ್ತು ನಿಮ್ಮ ಅಮ್ಮ, ಇಬ್ಬರೇ. ಅದಕ್ಕೇ ಇದನ್ನು ಬರೆದೆ. ಓದಿದ ಮೇಲೆ ನಿಮ್ಮ ಅಪ್ಪನ ಹತ್ತಿರ ಹೋಗಿ ಕೇಳಿ, ನಾನು ಬರೆದದ್ದು ಹೌದೋ ಅಲ್ಲವೋ ಎಂದು. ಹೌದು ಎಂದರೆ, ಅದನ್ನೇ ಮುಂದಿನ ಪಂಕ್ತಿಯಲ್ಲಿ ಗಟ್ಟಿಯಾಗಿ ಹೇಳಲು ಹೇಳಿ. ಅಲ್ಲಿಯವರೆಗೆ ನನ್ನ ಸಿಟ್ಟು ಇಳಿಯುವುದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.